ಕಾಸರಗೋಡಿನ ಪಂಚಾಯತುಗಳ ಪಟ್ಟಿ: ಮ್ಯಾಪ್, ಫಿಲ್ಟರ್ ಇಲ್ಲದ ಲುವಾದಲ್ಲಿ ಫಂಕ್ಷನಲ್ ಶೈಲಿಯನ್ನು ಕಲಿಯುವುದು ಹೇಗೆ?

ಬದಿಯಡ್ಕ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಬಿಡುವಿದ್ದಾಗ ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಊರುಗಳ ಬಗ್ಗೆ ಬರೆಯುತ್ತೇನೆ. ಜಿಲ್ಲೆಯ 38 ಗ್ರಾಮ ಪಂಚಾಯತುಗಳನ್ನು ಬ್ಲಾಕಿನ ಪ್ರಕಾರ ವಿಂಗಡಿಸಿ, ಕನ್ನಡ ಹೆಸರಿನ ಅಕಾರಾದಿಯಲ್ಲಿ ತೋರಿಸುವ ಮಾಡ್ಯೂಲ್ (ಪುಟಗಳಿಂದ ಕರೆಯಬಹುದಾದ ಚಿಕ್ಕ ಪ್ರೋಗ್ರಾಂ) ಒಂದನ್ನು ಸಿದ್ಧಪಡಿಸಬೇಕೆಂದಿದ್ದೇನೆ. ಇಲ್ಲಿ ಒಂದೇ ಊರಿಗೆ ಎರಡು ಬರಹಗಳಿವೆ; ನಾವು ಕುಂಬಳೆ ಎನ್ನುವುದು ದಾಖಲೆಗಳಲ್ಲಿ ಕುಂಬಳ ಎಂದಿರುತ್ತದೆ, ಬದಿಯಡ್ಕವು ಬದಿಯಡುಕ್ಕ ಎಂದಾಗಿರುತ್ತದೆ. ಆದ್ದರಿಂದ ಪ್ರತಿ ಪಂಚಾಯತಿಗೂ ಕನ್ನಡದ ಹೆಸರು, ಮಲಯಾಳದ ಹೆಸರು, ಬ್ಲಾಕ್ ಮತ್ತು ತಾಲೂಕು ಎಂಬ ನಾಲ್ಕು ಅಂಶಗಳಿರುವ ಒಂದೊಂದು ಟೇಬಲ್ ಮಾಡಿಕೊಂಡಿದ್ದೇನೆ.

ವಿಕಿಪೀಡಿಯದ ಮಾಡ್ಯೂಲುಗಳನ್ನು ಲುವಾ ಭಾಷೆಯಲ್ಲಿಯೇ ಬರೆಯಬೇಕು, ಆದರೆ ನನಗೆ ಬರುವುದು ಪೈಥಾನ್. ಅಲ್ಲಿ ಮಂಜೇಶ್ವರ ಬ್ಲಾಕಿನ ಪಂಚಾಯತುಗಳನ್ನಷ್ಟೇ ಆರಿಸಿ, ಅವುಗಳ ಹೆಸರನ್ನಷ್ಟೇ ತೆಗೆದು, ಕ್ರಮವಾಗಿ ಜೋಡಿಸುವ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಲುವಾದ ಕೈಪಿಡಿಯಲ್ಲಿ ಹುಡುಕಿದರೆ ಇದಕ್ಕೆ ಬೇಕಾದ ಮ್ಯಾಪ್ (ಪ್ರತಿಯೊಂದನ್ನೂ ಬದಲಿಸುವುದು), ಫಿಲ್ಟರ್ (ಬೇಕಾದವನ್ನು ಆರಿಸುವುದು), ರೆಡ್ಯೂಸ್ (ಎಲ್ಲವನ್ನೂ ಒಂದೇ ಬೆಲೆಗೆ ಇಳಿಸುವುದು) ಯಾವುದೂ ಸಿಗುವುದಿಲ್ಲ. ಆದರೂ ಇದರಲ್ಲಿ ಫಂಕ್ಷನಲ್ ಶೈಲಿಯ (ಫಂಕ್ಷನುಗಳನ್ನೇ ಬೆಲೆಗಳಂತೆ ಕೊಟ್ಟು, ಪಡೆದು, ಜೋಡಿಸಿ ಬರೆಯುವ ರೀತಿಯ) ಗುಣಗಳಿವೆ ಎಂದು ಬಲ್ಲವರು ಹೇಳುತ್ತಾರೆ. ಆ ಗುಣಗಳು ಎಲ್ಲಿವೆ, ಅವುಗಳನ್ನು ಯಾವ ಕ್ರಮದಲ್ಲಿ ಕಲಿಯಬೇಕು, ಸಿದ್ಧ ಲೈಬ್ರರಿಯೊಂದನ್ನು ಹಿಡಿಯುವುದು ಸರಿಯೇ ಅಥವಾ ಕೈಯಾರೆ ಬರೆದುಕೊಳ್ಳಬೇಕೇ ಎಂಬುದನ್ನು ತಿಳಿದವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಆದವಾನಿ

ಟೀಚರ್, ನೀವು ಹುಡುಕಿದ್ದು ಲೈಬ್ರರಿಯ ಪಟ್ಟಿಯಲ್ಲಿ. ಲುವಾದ ಫಂಕ್ಷನಲ್ ಗುಣ ಇರುವುದು ಭಾಷೆಯ ತಳಹದಿಯಲ್ಲಿ. 1993ರಲ್ಲಿ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಇದನ್ನು ರೂಪಿಸಿದ ರೊಬೆರ್ಟೊ ಯೆರುಸಲಿಮ್‌ಸ್ಕಿ, ಲೂಯಿಸ್ ಹೆನ್ರಿಕ್ ಡಿ ಫಿಗ್ಯೂರೆಡೊ ಮತ್ತು ವಾಲ್ಡೆಮಾರ್ ಸೆಲೆಸ್ ಅವರು ಭಾಷೆಯನ್ನು ಬೇಕೆಂದೇ ಚಿಕ್ಕದಾಗಿಟ್ಟರು, ಏಕೆಂದರೆ ಅದು ಬೇರೆ ತಂತ್ರಾಂಶಗಳ ಒಳಗೆ ಕುಳಿತು ಕೆಲಸ ಮಾಡಬೇಕಾಗಿತ್ತು. ಹಾಗಾಗಿ ಸಿದ್ಧ ಸಲಕರಣೆಗಳು ಕಡಿಮೆ, ಸಲಕರಣೆ ಮಾಡಿಕೊಳ್ಳುವ ಶಕ್ತಿ ಹೆಚ್ಚು. 2003ರ 5.0 ಆವೃತ್ತಿಯಲ್ಲಿ ಪೂರ್ಣ ಲೆಕ್ಸಿಕಲ್ ಸ್ಕೋಪಿಂಗ್ (ಒಳಗಿನ ಫಂಕ್ಷನ್ ಹೊರಗಿನದರ ವೇರಿಯೇಬಲ್ಲುಗಳನ್ನು ಬಳಸಬಹುದೆಂಬ ನಿಯಮ) ಬಂದ ಮೇಲೆ ಈ ವಿಷಯದಲ್ಲಿ ಲುವಾ ಸ್ಕೀಮ್ ಭಾಷೆಗೆ ಬಹಳ ಹತ್ತಿರ ಬಂದಿತು.

ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು, ಲುವಾದಲ್ಲಿ ಫಂಕ್ಷನ್ ಎಂಬುದು ಸಂಖ್ಯೆಯಂತೆ, ಅಕ್ಷರಮಾಲೆಯಂತೆ (ಸ್ಟ್ರಿಂಗ್, ಅಂದರೆ ಪಠ್ಯದ ತುಣುಕಿನಂತೆ) ಒಂದು ಬೆಲೆ ಎಂಬುದು. ಫಂಕ್ಷನಿಗೆ ಸ್ವಂತ ಹೆಸರು ಎಂಬುದೇ ಇಲ್ಲ. ನಾವು ಹೆಸರಿಟ್ಟು ಬರೆದಂತೆ ಕಾಣುವ ಪ್ರತಿ ಫಂಕ್ಷನ್ ಕೂಡ ವಾಸ್ತವದಲ್ಲಿ ಹೆಸರಿಲ್ಲದ ಫಂಕ್ಷನ್ ಒಂದನ್ನು ಸೃಷ್ಟಿಸಿ, ಅದನ್ನು ಒಂದು ವೇರಿಯೇಬಲ್‌ನಲ್ಲಿ ಇಡುವ ಕ್ರಿಯೆಯಷ್ಟೇ. ಪೈಥಾನಿನ ಲ್ಯಾಂಬ್ಡಾದೊಳಗೆ ಒಂದೇ ಒಂದು ಎಕ್ಸ್‌ಪ್ರೆಶನ್ ಇರಬಹುದು. ಲುವಾದ ಹೆಸರಿಲ್ಲದ ಫಂಕ್ಷನಿನೊಳಗೆ ಲೂಪ್, ಷರತ್ತು, ಇನ್ನೊಂದು ಫಂಕ್ಷನ್, ಏನು ಬೇಕಾದರೂ ಇರಬಹುದು. ಆದ್ದರಿಂದ ಪೈಥಾನಿನಲ್ಲಿ ಲ್ಯಾಂಬ್ಡಾ ಬಳಸುವಾಗಿನ ಸಂಕೋಚವನ್ನು ಇಲ್ಲಿ ಬಿಟ್ಟುಬಿಡಬಹುದು.

ಎರಡನೆಯದು ಕ್ಲೋಜರ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಒಂದು ಫಂಕ್ಷನಿನ ಒಳಗೆ ಹುಟ್ಟಿದ ಇನ್ನೊಂದು ಫಂಕ್ಷನ್, ಹೊರಗಿನದರ ಲೋಕಲ್ ವೇರಿಯೇಬಲ್‌ಗಳನ್ನು ಹೊರಗಿನದು ಮುಗಿದ ಮೇಲೂ ತನ್ನ ಬಳಿ ಉಳಿಸಿಕೊಳ್ಳುತ್ತದೆ. ಲುವಾದವರು ಅಂಥ ವೇರಿಯೇಬಲ್ ಅನ್ನು ಅಪ್‌ವ್ಯಾಲ್ಯೂ ಎನ್ನುತ್ತಾರೆ. ನಿಮ್ಮ ಕೆಲಸಕ್ಕೇ ಅನ್ವಯಿಸಿ ಹೇಳುತ್ತೇನೆ. ಬ್ಲಾಕಿನ ಹೆಸರನ್ನು ಪಡೆದು, ಒಂದು ಪರೀಕ್ಷೆಯ ಫಂಕ್ಷನ್ ಅನ್ನು ಹಿಂದಿರುಗಿಸುವ ಫಂಕ್ಷನ್ ಬರೆಯಿರಿ. ಹಿಂದಿರುಗಿದ ಆ ಫಂಕ್ಷನ್ ಒಂದು ಪಂಚಾಯತಿನ ದಾಖಲೆಯನ್ನು ಪಡೆದು, ಅದರ ಬ್ಲಾಕ್ ತಾನು ನೆನಪಿಟ್ಟುಕೊಂಡ ಬ್ಲಾಕೇ ಹೌದೋ ಅಲ್ಲವೋ ಎಂದು ಹೇಳಬೇಕು. ಮಂಜೇಶ್ವರ ಎಂದು ಕೊಟ್ಟು ಒಮ್ಮೆ, ಕಾರಡ್ಕ ಎಂದು ಕೊಟ್ಟು ಇನ್ನೊಮ್ಮೆ ಕರೆದರೆ ಎರಡು ಬೇರೆ ಬೇರೆ ಪರೀಕ್ಷೆಗಳು ಸಿಗುತ್ತವೆ. ಒಂದರ ನೆನಪು ಇನ್ನೊಂದಕ್ಕೆ ತಾಗುವುದಿಲ್ಲ. ಇದು ಅರ್ಥವಾದ ದಿನ ಉಳಿದದ್ದು ತಾನಾಗಿ ಬರುತ್ತದೆ.

ಪೈಥಾನಿನಿಂದ ಬಂದವರಿಗೆ ಇನ್ನೊಂದು ವ್ಯತ್ಯಾಸ. ಅಲ್ಲಿ ಫಾರ್ ಲೂಪಿನೊಳಗೆ ಫಂಕ್ಷನುಗಳನ್ನು ಸೃಷ್ಟಿಸುತ್ತ ಹೋದರೆ ಅವೆಲ್ಲವೂ ಒಂದೇ ವೇರಿಯೇಬಲ್ ಅನ್ನು ಹಿಡಿದುಕೊಳ್ಳುವುದರಿಂದ ಕೊನೆಯಲ್ಲಿ ಎಲ್ಲವೂ ಕೊನೆಯ ಬೆಲೆಯನ್ನೇ ಹೇಳುತ್ತವೆ. ಲುವಾದ ಫಾರ್ ಲೂಪ್ ಪ್ರತಿ ಸುತ್ತಿಗೂ ಹೊಸ ಲೋಕಲ್ ವೇರಿಯೇಬಲ್ ಕೊಡುತ್ತದೆ, ಆದ್ದರಿಂದ ಪ್ರತಿಯೊಂದು ಕ್ಲೋಜರ್ ತನ್ನ ಸುತ್ತಿನ ಬೆಲೆಯನ್ನೇ ನೆನಪಿಟ್ಟುಕೊಳ್ಳುತ್ತದೆ.

ಇನ್ನು ಮ್ಯಾಪ್ ಮತ್ತು ಫಿಲ್ಟರ್. ಹೊಸ ಟೇಬಲ್ ಒಂದನ್ನು ಲೋಕಲ್ ಎಂದು ಘೋಷಿಸಿ, ಹಳೆಯದರ ಮೇಲೆ 1ರಿಂದ ಕ್ರಮವಾಗಿ ಸಾಗಿಸುವ ಐಪೇರ್ಸ್ ಮೂಲಕ ಸಾಗುತ್ತ, ಪ್ರತಿ ಬೆಲೆಯನ್ನೂ ಕೊಟ್ಟ ಫಂಕ್ಷನಿಗೆ ಒಪ್ಪಿಸಿ, ಬಂದ ಉತ್ತರವನ್ನು ಹೊಸದರಲ್ಲಿ ಇಟ್ಟು ಹಿಂದಿರುಗಿಸಿದರೆ ಅದು ಮ್ಯಾಪ್. ಉತ್ತರ ನಿಜವಾದಾಗ ಮಾತ್ರ ಹಳೆಯ ಬೆಲೆಯನ್ನು ಸೇರಿಸಿದರೆ ಅದು ಫಿಲ್ಟರ್. ಎರಡೂ ಐದಾರು ಸಾಲುಗಳನ್ನು ಮೀರುವುದಿಲ್ಲ. ಪೆನ್‌ಲೈಟ್, ಲುವಾ ಫನ್ ಮುಂತಾದ ಒಳ್ಳೆಯ ಲೈಬ್ರರಿಗಳು ಇವೆ, ಆದರೆ ಕಲಿಯುವ ಹಂತದಲ್ಲಿ ಅವುಗಳನ್ನು ಹಿಡಿಯಬೇಡಿ ಎಂದೇ ನನ್ನ ದೃಢವಾದ ಸಲಹೆ. ಮ್ಯಾಪ್ ಅನ್ನು ಕೈಯಾರೆ ಬರೆದವರಿಗೆ ಅದರೊಳಗೆ ನಡೆಯುವುದು ಒಂದು ಸಾಮಾನ್ಯ ಲೂಪ್ ಎಂಬುದು ಕಣ್ಣಿಗೆ ಕಾಣುತ್ತದೆ, ಮತ್ತು ಯಾವಾಗ ಅದನ್ನು ಬಳಸಬಾರದು ಎಂಬ ತಿಳಿವೂ ಅಲ್ಲಿಂದಲೇ ಬರುತ್ತದೆ.

ತಾಳವಾಡಿ

ಆದವಾನಿಯವರು ಕ್ಲೋಜರ್ ಬಗ್ಗೆ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಮ್ಯಾಪ್ ಮತ್ತು ಫಿಲ್ಟರ್ ಅನ್ನು ಎಲ್ಲೆಡೆ ಬಳಸುವ ಅಭ್ಯಾಸವನ್ನು ಲುವಾಕ್ಕೆ ಹೊತ್ತು ತರುವುದರ ಬಗ್ಗೆ ನನಗೆ ಆಕ್ಷೇಪವಿದೆ. ಅದಕ್ಕೆ ಕಾರಣ ಲುವಾದ ಟೇಬಲ್ಲಿನ ಸ್ವಭಾವದಲ್ಲೇ ಇದೆ.

ಲುವಾದಲ್ಲಿ ಪಟ್ಟಿಗೂ ನಿಘಂಟಿಗೂ ಇರುವುದು ಒಂದೇ ರಚನೆ, ಅದು ಟೇಬಲ್. ಒಂದು ಕೀಲಿಗೆ ನಿಲ್ (ಬೆಲೆಯೇ ಇಲ್ಲ ಎಂಬ ಸೂಚನೆ) ಕೊಡುವುದೆಂದರೆ ಆ ಕೀಲಿಯನ್ನು ಅಳಿಸುವುದೆಂದೇ ಅರ್ಥ. ಈಗ ನಿಮ್ಮ ಮ್ಯಾಪ್ ಪ್ರತಿ ಪಂಚಾಯತಿನಿಂದ ಮಲಯಾಳದ ಹೆಸರನ್ನು ತೆಗೆಯುತ್ತದೆ ಎಂದುಕೊಳ್ಳಿ. ಒಂದೆರಡು ದಾಖಲೆಗಳಲ್ಲಿ ಆ ಹೆಸರು ತುಂಬದೆ ಖಾಲಿ ಉಳಿದಿದ್ದರೆ ಮ್ಯಾಪ್‌ಗೆ ನಿಲ್ ಸಿಗುತ್ತದೆ, ಮತ್ತು ಹೊಸ ಟೇಬಲ್ಲಿನಲ್ಲಿ ಅಷ್ಟು ತೂತುಗಳು ಬೀಳುತ್ತವೆ. ಆ ಟೇಬಲ್ಲಿನ ಮೇಲೆ ಮುಂದಿನ ಹಂತದಲ್ಲಿ ಐಪೇರ್ಸ್ ಓಡಿಸಿದರೆ ಅದು ಮೊದಲ ತೂತಿನಲ್ಲೇ ನಿಂತುಬಿಡುತ್ತದೆ. ಅಲ್ಲಿಂದಾಚೆಗಿನ ಹೆಸರುಗಳು ಯಾವ ದೋಷ ಸಂದೇಶವೂ ಇಲ್ಲದೆ ಮಾಯವಾಗುತ್ತವೆ. ಉದ್ದ ಹೇಳುವ ಹ್ಯಾಶ್ ಚಿಹ್ನೆಯ ಉತ್ತರವನ್ನೂ ತೂತುಗಳಿರುವ ಟೇಬಲ್ಲಿನಲ್ಲಿ ನಂಬುವಂತಿಲ್ಲ. ಪೈಥಾನಿನ ಪಟ್ಟಿಯಲ್ಲಿ ನನ್ (None) ಎಂಬುದು ಒಂದು ಸ್ಥಾನವನ್ನು ತುಂಬಿಕೊಂಡು ಕುಳಿತಿರುತ್ತದೆ, ಲುವಾದಲ್ಲಿ ನಿಲ್ ಹಾಗೆ ಕುಳಿತಿರುವುದಿಲ್ಲ. ಆದ್ದರಿಂದ ಮ್ಯಾಪ್‌ಗೆ ಕೊಡುವ ಫಂಕ್ಷನ್ ಎಂದೂ ನಿಲ್ ಹಿಂದಿರುಗಿಸಬಾರದು ಎಂಬ ನಿಯಮವನ್ನು ಮೊದಲೇ ಹಾಕಿಕೊಳ್ಳಬೇಕು. ಹೆಸರಿಲ್ಲದಲ್ಲಿ ಖಾಲಿ ಅಕ್ಷರಮಾಲೆಯನ್ನೋ ಫಾಲ್ಸ್ ಅನ್ನೋ ಕೊಡಬೇಕು.

ಇವೆರಡರಲ್ಲಿ ಯಾವುದನ್ನು ಆರಿಸುತ್ತೇವೆ ಎಂಬುದಕ್ಕೂ ಪರಿಣಾಮವಿದೆ. ಲುವಾದ ಷರತ್ತುಗಳಲ್ಲಿ ಸುಳ್ಳೆಂದು ಎಣಿಸಲ್ಪಡುವುದು ನಿಲ್ ಮತ್ತು ಫಾಲ್ಸ್ ಎರಡೇ. ಸೊನ್ನೆಯೂ ಖಾಲಿ ಅಕ್ಷರಮಾಲೆಯೂ ಇಲ್ಲಿ ನಿಜವೇ. ಪೈಥಾನಿನ ರೂಢಿಯಂತೆ ಹೆಸರನ್ನೇ ಪರೀಕ್ಷೆಯಾಗಿ ಕೊಟ್ಟು ಫಿಲ್ಟರ್ ಮಾಡಿದರೆ ಖಾಲಿ ಹೆಸರುಗಳು ಹಾಗೆಯೇ ಒಳಗೆ ಉಳಿಯುತ್ತವೆ.

ಒಂದು ಲೂಪಿನಲ್ಲಿ ಮುಗಿಯುವುದನ್ನು ಮೂರು ಮಧ್ಯಂತರ ಟೇಬಲ್ಲುಗಳ ಮೂಲಕ ಹಾಯಿಸುವುದು ನನಗೆ ಒಪ್ಪಿಗೆಯಲ್ಲ. ಲುವಾ ಬಲ್ಲ ಓದುಗನಿಗೆ ಫಾರ್ ಲೂಪ್ ಅನ್ನು ಓದುವುದು ಕಷ್ಟವೇನಲ್ಲ.

ಆದವಾನಿ

ನಿಲ್ ವಿಷಯದಲ್ಲಿ ತಾಳವಾಡಿಯವರ ಎಚ್ಚರಿಕೆ ಅತ್ಯಗತ್ಯವಾದದ್ದು. ಲೂಪಿನ ಬಗ್ಗೆ ನನ್ನ ನಿಲುವು ಸ್ವಲ್ಪ ಬೇರೆ. ಆಯ್ಕೆಯ ನಿಯಮ ಒಂದೇ ಕಡೆ ಬಳಕೆಯಾಗುವುದಾದರೆ ಲೂಪ್ ಸಾಕು. ಟೀಚರ್ ಅವರಿಗೆ ಅದೇ ಪಟ್ಟಿಯನ್ನು ಒಮ್ಮೆ ಬ್ಲಾಕಿನಿಂದ, ಒಮ್ಮೆ ತಾಲೂಕಿನಿಂದ, ಮತ್ತೊಮ್ಮೆ ಎರಡನ್ನೂ ಸೇರಿಸಿ ಆರಿಸಬೇಕಾಗುತ್ತದೆ. ಅಲ್ಲಿ ಬದಲಾಗುವುದು ನಿಯಮ ಮಾತ್ರ, ಸಾಗುವ ರೀತಿ ಬದಲಾಗುವುದಿಲ್ಲ. ನಿಯಮವನ್ನು ಫಂಕ್ಷನ್ ಆಗಿ ಬೇರ್ಪಡಿಸಿದರೆ, ಎರಡು ನಿಯಮಗಳನ್ನು ಪಡೆದು ಎರಡೂ ಒಪ್ಪಿದಾಗ ಮಾತ್ರ ಒಪ್ಪುವ ಮೂರನೆಯ ನಿಯಮವನ್ನು ಹಿಂದಿರುಗಿಸುವ ಫಂಕ್ಷನ್ ಬರೆಯಬಹುದು. ಈ ರೀತಿ ಚಿಕ್ಕ ನಿಯಮಗಳನ್ನು ಜೋಡಿಸಿ ದೊಡ್ಡದನ್ನು ಕಟ್ಟುವ ಅನುಕೂಲ ಲೂಪಿನೊಳಗೆ ಬರೆದ ಷರತ್ತಿಗೆ ಇಲ್ಲ. ನಾನು ಫಂಕ್ಷನಲ್ ಶೈಲಿಯನ್ನು ಮೆಚ್ಚುವುದು ಇದಕ್ಕಾಗಿಯೇ ಹೊರತು ಸಾಲುಗಳು ಕಡಿಮೆಯಾಗುತ್ತವೆ ಎಂದಲ್ಲ.

ಅಕ್ಕಲಕೋಟೆ

ಚರ್ಚೆಗೆ ಎರಡು ಪ್ರಾಯೋಗಿಕ ಸಂಗತಿಗಳನ್ನು ಸೇರಿಸುತ್ತೇನೆ. ಲುವಾದ ಫಂಕ್ಷನಿಗೆ ಬೇಕಾದದ್ದಕ್ಕಿಂತ ಹೆಚ್ಚು ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ಕೊಟ್ಟರೆ ಹೆಚ್ಚಿನದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ಮತ್ತು ಒಂದು ಫಂಕ್ಷನ್ ಒಂದಕ್ಕಿಂತ ಹೆಚ್ಚು ಬೆಲೆಗಳನ್ನು ಹಿಂದಿರುಗಿಸಬಹುದು. ಈ ಎರಡು ಸೌಲಭ್ಯಗಳು ಮ್ಯಾಪ್ ಜೊತೆ ಸೇರಿದಾಗ ವಿಚಿತ್ರ ಫಲಗಳು ಬರುತ್ತವೆ.

ಕೆಲವರು ಬೆಲೆಯ ಜೊತೆಗೆ ಅದರ ಕ್ರಮಸಂಖ್ಯೆಯನ್ನೂ ಫಂಕ್ಷನಿಗೆ ಕೊಡುವಂತೆ ಮ್ಯಾಪ್ ಬರೆಯುತ್ತಾರೆ. ಮುಂದೆ ಜನಸಂಖ್ಯೆಯ ಕಾಲಮ್ ಒಂದನ್ನು ಸೇರಿಸಿದಾಗ, ಅದರಲ್ಲಿ ಅಕ್ಷರಮಾಲೆಯಾಗಿರುವ ಅಂಕಿಗಳನ್ನು ಸಂಖ್ಯೆಗಳಾಗಿಸಲು ಟುನಂಬರ್ ಫಂಕ್ಷನ್ ಅನ್ನು ನೇರವಾಗಿ ಅಂಥ ಮ್ಯಾಪ್‌ಗೆ ಕೊಟ್ಟರೆ, ಕ್ರಮಸಂಖ್ಯೆ ಅದರ ಎರಡನೆಯ ಆರ್ಗ್ಯುಮೆಂಟ್ ಆಗುತ್ತದೆ. ಟುನಂಬರ್‌ನಲ್ಲಿ ಎರಡನೆಯ ಆರ್ಗ್ಯುಮೆಂಟ್ ಎಂದರೆ ಸಂಖ್ಯಾ ಪದ್ಧತಿಯ ಆಧಾರ. ಅದು 2ರಿಂದ 36ರ ಒಳಗಿರಬೇಕು. ಮೊದಲ ಸಾಲಿನ ಆಧಾರ 1 ಆಗುವುದರಿಂದ ಅಲ್ಲಿಯೇ ದೋಷ ಬರುತ್ತದೆ. ಒಂದು ವೇಳೆ ಎರಡನೆಯದರಿಂದ ಆರಂಭಿಸಿದರೂ ದ್ವಿಮಾನ ಪದ್ಧತಿಯಲ್ಲಿ ಓದಲಾಗದ ಅಂಕಿಗೆ ನಿಲ್ ಸಿಗುತ್ತದೆ, ಆಗ ತಾಳವಾಡಿಯವರು ಹೇಳಿದ ತೂತು ಬೀಳುತ್ತದೆ. ಮ್ಯಾಪ್ ಒಂದೇ ಬೆಲೆಯನ್ನು ಕೊಡುವಂತಿದ್ದರೆ ಈ ತೊಡಕೇ ಇಲ್ಲ.

ಇನ್ನೊಂದು, ಪಠ್ಯದಲ್ಲಿ ಹುಡುಕಿ ಬದಲಿಸುವ ಜಿಸಬ್. ಇದು ಲುವಾದ ಮೂಲ ಲೈಬ್ರರಿಯಲ್ಲೇ ಇರುವ ಉತ್ತಮ ಹೈಯರ್ ಆರ್ಡರ್ ಫಂಕ್ಷನ್ (ಇನ್ನೊಂದು ಫಂಕ್ಷನ್ ಅನ್ನೇ ಆರ್ಗ್ಯುಮೆಂಟ್ ಆಗಿ ಪಡೆಯಬಲ್ಲದ್ದು), ಟೀಚರ್ ಇದನ್ನು ಅಗತ್ಯವಾಗಿ ಕಲಿಯಬೇಕು. ಬದಲಿ ಪಠ್ಯದ ಜಾಗದಲ್ಲಿ ಒಂದು ಫಂಕ್ಷನ್ ಅಥವಾ ಟೇಬಲ್ ಕೊಡಬಹುದು. ಅಂಕಿಗೆ ಹೊಂದುವ ಪ್ಯಾಟರ್ನ್ ಕೊಟ್ಟು, 0ಯಿಂದ 9ರವರೆಗಿನ ಅಂಕಿಗಳನ್ನು ೦ಯಿಂದ ೯ಕ್ಕೆ ಜೋಡಿಸಿದ ಟೇಬಲ್ ಕೊಟ್ಟರೆ ಇಡೀ ಪಠ್ಯದ ಅಂಕಿಗಳು ಕನ್ನಡಕ್ಕೆ ಬರುತ್ತವೆ. ಟೇಬಲ್ಲಿನಲ್ಲಿ ಸಿಗದಿದ್ದರೆ ಮೂಲ ಪಠ್ಯ ಹಾಗೆಯೇ ಉಳಿಯುತ್ತದೆ. ಆದರೆ ಜಿಸಬ್ ಎರಡು ಬೆಲೆಗಳನ್ನು ಹಿಂದಿರುಗಿಸುತ್ತದೆ: ಬದಲಾದ ಪಠ್ಯ, ಮತ್ತು ಎಷ್ಟು ಬದಲಾವಣೆಗಳಾದವು ಎಂಬ ಎಣಿಕೆ. ಅದರ ಕರೆಯನ್ನು ಟೇಬಲ್ ಇನ್ಸರ್ಟ್‌ಗೆ ಕೊನೆಯ ಆರ್ಗ್ಯುಮೆಂಟ್ ಆಗಿ ನೇರವಾಗಿ ಕೊಟ್ಟರೆ ಪಠ್ಯವನ್ನೇ ಸ್ಥಾನಸಂಖ್ಯೆ ಎಂದು ಓದಲು ಹೋಗಿ ದೋಷ ಬರುತ್ತದೆ. ಇಡೀ ಕರೆಯನ್ನು ಒಂದು ಜೊತೆ ಆವರಣದೊಳಗೆ ಇಟ್ಟರೆ ಮೊದಲ ಬೆಲೆ ಮಾತ್ರ ಉಳಿಯುತ್ತದೆ.

ಮಂಜೇಶ್ವರದ ವಿದ್ಯಾರ್ಥಿ

ನಾನು ಕಾಲೇಜಿನಲ್ಲಿ ಹ್ಯಾಸ್ಕೆಲ್ ಸ್ವಲ್ಪ ಕಲಿತಿದ್ದೇನೆ. ಅಲ್ಲಿ ಲೂಪ್ ಇಲ್ಲದೆ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಮೂಲಕವೇ ಎಲ್ಲವನ್ನೂ ಬರೆಯುತ್ತೇವೆ, ಬೇಕಾದಷ್ಟನ್ನೇ ಲೆಕ್ಕ ಹಾಕುವ ಲೇಜಿ ಪಟ್ಟಿಗಳೂ ಇವೆ. ಲುವಾದಲ್ಲಿ ರಿಕರ್ಷನ್ ಬಳಸಿದರೆ ಸ್ಟ್ಯಾಕ್ (ಮುಗಿಯದ ಕರೆಗಳನ್ನು ನೆನಪಿಡುವ ಜಾಗ) ತುಂಬುವ ಭಯವಿದೆಯೇ? ಲೇಜಿ ಪಟ್ಟಿಗೆ ಕೊರೂಟಿನ್ (ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದ ಫಂಕ್ಷನ್) ಬಳಸಬಹುದೆಂದು ಕೇಳಿದ್ದೇನೆ; ಟೀಚರ್ ಅವರ ಮಾಡ್ಯೂಲಿಗೂ ಅದು ಹೊಂದಬಹುದಲ್ಲವೇ?

ತಾಳವಾಡಿ

ಮೊದಲ ಪ್ರಶ್ನೆಗೆ ಉತ್ತರ, ಲುವಾದಲ್ಲಿ ಟೇಲ್ ಕಾಲ್ ಸ್ಟ್ಯಾಕ್ ಬೆಳೆಸುವುದಿಲ್ಲ. ಇದು ಭಾಷೆಯೇ ಕೊಡುವ ಭರವಸೆ. ಪೈಥಾನ್ ಇದನ್ನು ಕೊಡುವುದಿಲ್ಲ, ಅಲ್ಲಿ ರಿಕರ್ಷನ್ನಿಗೆ ಸಾಮಾನ್ಯವಾಗಿ 1000ದ ಮಿತಿಯಿದೆ. ಆದರೆ ಕರೆ ನಿಜವಾಗಿಯೂ ಟೇಲ್ ಕಾಲ್ ಆಗಿರಬೇಕು. ರಿಟರ್ನ್ ಎಂದ ಮೇಲೆ ಫಂಕ್ಷನಿನ ಕರೆಯೊಂದೇ ಇದ್ದರೆ ಅದು ಟೇಲ್ ಕಾಲ್. ಆ ಕರೆಯ ಫಲವನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಿದರೆ, ಅಥವಾ ಅದನ್ನು ಆವರಣದೊಳಗೆ ಇಟ್ಟರೂ ಕೂಡ, ಹಿಂದಿರುಗಿದ ಮೇಲೆ ಮಾಡಬೇಕಾದ ಕೆಲಸ ಉಳಿಯುವುದರಿಂದ ಅದು ಟೇಲ್ ಕಾಲ್ ಅಲ್ಲ. ಗುಣಲಬ್ಧವನ್ನು ಒಂದು ಹೆಚ್ಚುವರಿ ಆರ್ಗ್ಯುಮೆಂಟಿನಲ್ಲಿ ಹೊತ್ತು ಸಾಗುವ ಹ್ಯಾಸ್ಕೆಲ್ ಅಭ್ಯಾಸ ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ.

ಜೊತೆಗೆ ಒಂದು ಸೂಕ್ಷ್ಮ. ಲೋಕಲ್ ವೇರಿಯೇಬಲ್ ಒಂದಕ್ಕೆ ಸಮ ಚಿಹ್ನೆಯಿಂದ ಹೆಸರಿಲ್ಲದ ಫಂಕ್ಷನ್ ಕೊಟ್ಟು, ಅದರೊಳಗೆ ಅದೇ ಹೆಸರನ್ನು ಕರೆದರೆ ಲುವಾ ಆ ಹೆಸರಿನ ಗ್ಲೋಬಲ್ ಅನ್ನು ಹುಡುಕುತ್ತದೆ, ಏಕೆಂದರೆ ಬಲಭಾಗವನ್ನು ಓದುವಾಗ ಆ ಲೋಕಲ್ ಇನ್ನೂ ಹುಟ್ಟಿರುವುದಿಲ್ಲ. ಲೋಕಲ್ ಫಂಕ್ಷನ್ ಎಂಬ ಎರಡು ಪದಗಳಿಂದ ಆರಂಭಿಸಿ ಬರೆದರೆ ಹೆಸರು ಮೊದಲೇ ಘೋಷಣೆಯಾಗಿರುತ್ತದೆ, ರಿಕರ್ಷನ್ ಸರಿಯಾಗಿ ನಡೆಯುತ್ತದೆ.

ಕೊರೂಟಿನ್ ಲುವಾದ ಬಹಳ ಒಳ್ಳೆಯ ಅಂಗ, ನಿಮ್ಮ ಕಂಪ್ಯೂಟರಿನಲ್ಲಿ ಖಂಡಿತವಾಗಿ ಪ್ರಯೋಗಿಸಿ. ವಿಕಿಪೀಡಿಯದಲ್ಲಿ ಮಾತ್ರ ಅದು ದೊರೆಯುವುದಿಲ್ಲ. 2013ರಲ್ಲಿ ವಿಕಿಪೀಡಿಯಕ್ಕೆ ಬಂದ ಸ್ಕ್ರಿಬಂಟೊ ಎಂಬ ವಿಸ್ತರಣೆ ಲುವಾದ 5.1 ಆವೃತ್ತಿಯನ್ನು ಬಳಸುತ್ತದೆ, ಮತ್ತು ಅದರಲ್ಲಿ ಕೊರೂಟಿನ್ ಲೈಬ್ರರಿಯನ್ನು ತೆಗೆದಿದ್ದಾರೆ. ಆದರೂ ಲೇಜಿಯಾಗಿ ಸಾಗಲು ಕ್ಲೋಜರ್ ಒಂದೇ ಸಾಕಾಗುತ್ತದೆ. ಕರೆದಾಗಲೆಲ್ಲ ಮುಂದಿನ ಬೆಲೆಯನ್ನು ಕೊಟ್ಟು, ಮುಗಿದಾಗ ನಿಲ್ ಕೊಡುವ ಫಂಕ್ಷನ್ ಅನ್ನು ಜೆನೆರಿಕ್ ಫಾರ್ (ಕೊಟ್ಟ ಫಂಕ್ಷನ್ ಅನ್ನು ಮತ್ತೆ ಮತ್ತೆ ಕರೆಯುವ ಫಾರ್ ಲೂಪ್) ನೇರವಾಗಿ ಸ್ವೀಕರಿಸುತ್ತದೆ. ತಾನು ಎಲ್ಲಿಯವರೆಗೆ ಬಂದಿದ್ದೇನೆ ಎಂಬುದನ್ನು ಅಂಥ ಫಂಕ್ಷನ್ ಅಪ್‌ವ್ಯಾಲ್ಯೂನಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಇನ್ನೊಂದು ಅಂಥದೇ ಫಂಕ್ಷನಿನಿಂದ ಸುತ್ತಿ, ನಿಯಮಕ್ಕೆ ಹೊಂದದ ಬೆಲೆಗಳನ್ನು ದಾಟಿಸಿಬಿಟ್ಟರೆ ಮಧ್ಯಂತರ ಟೇಬಲ್ ಇಲ್ಲದ ಫಿಲ್ಟರ್ ಆಗುತ್ತದೆ. ಮೂರು ಟೇಬಲ್ಲುಗಳ ಬಗ್ಗೆ ನಾನು ಮೊದಲು ಎತ್ತಿದ ಆಕ್ಷೇಪ ಈ ರೀತಿಗೆ ಅನ್ವಯಿಸುವುದಿಲ್ಲ.

ಬದಿಯಡ್ಕ ಟೀಚರ್

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬ್ಲಾಕ್ ಹೇಳಿದರೆ ಪರೀಕ್ಷೆಯನ್ನು ಹಿಂದಿರುಗಿಸುವ ಫಂಕ್ಷನ್ ಬರೆದೆ. ಮಂಜೇಶ್ವರ ಬ್ಲಾಕಿನ ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಮಂಜೇಶ್ವರ ಎಲ್ಲವೂ ಸರಿಯಾಗಿ ಬಂದವು. ಇದನ್ನು ನೋಡಿದಾಗ ನನಗೆ ತರಗತಿಯಲ್ಲಿ ಕಲಿಸುವ ಗಣಗಳ ಛೇದನವೇ ನೆನಪಾಯಿತು. ಎರಡು ನಿಯಮಗಳನ್ನು ಜೋಡಿಸುವ ಫಂಕ್ಷನ್ ಅದನ್ನೇ ಮಾಡುತ್ತದೆ, ಹತ್ತನೆಯ ತರಗತಿಯ ಮಕ್ಕಳಿಗೂ ಇದನ್ನು ತೋರಿಸಬೇಕೆಂಬ ಆಸೆ ಹುಟ್ಟಿದೆ.

ಈಗ ಉಳಿದಿರುವುದು ಅಕಾರಾದಿ. ಟೇಬಲ್ ಸಾರ್ಟ್ ಕನ್ನಡ ಹೆಸರುಗಳನ್ನು ಸರಿಯಾದ ಕ್ರಮದಲ್ಲಿ ಇಡುತ್ತದೆಯೇ? ಉದ್ದ ಕೇಳಿದರೆ ಕಾಸರಗೋಡು ಎಂಬ ಪದಕ್ಕೆ ಲುವಾ 24 ಎನ್ನುತ್ತದೆ, ಆದ್ದರಿಂದ ಕ್ರಮದ ವಿಷಯದಲ್ಲೂ ಸಂಶಯ ಬಂದಿದೆ.

ಅಕ್ಕಲಕೋಟೆ

ಲುವಾದ ಮೂಲ ಲೈಬ್ರರಿ ಬೈಟುಗಳನ್ನು ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟುಗಳು ಬೇಕು. ಕಾಸರಗೋಡು ಎಂಬುದರಲ್ಲಿ ಸ್ವರಚಿಹ್ನೆಗಳೂ ಸೇರಿ 8 ಸಂಕೇತಗಳಿರುವುದರಿಂದ 24 ಬರುತ್ತದೆ, ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು 5. ಸ್ಕ್ರಿಬಂಟೊದಲ್ಲಿ ಸಂಕೇತಗಳ ಲೆಕ್ಕದಲ್ಲಿ ಕೆಲಸ ಮಾಡುವ ಯುಸ್ಟ್ರಿಂಗ್ ಲೈಬ್ರರಿ ಇದೆ, ಪಠ್ಯವನ್ನು ತುಂಡರಿಸುವಾಗಲೂ ಎಣಿಸುವಾಗಲೂ ಅದನ್ನೇ ಬಳಸಿ.

ಕ್ರಮದ ವಿಷಯದಲ್ಲಿ ಚಿಂತೆ ಅಷ್ಟಾಗಿ ಬೇಡ. ಯಾವ ಭಾಷೆಯ ವಿಶೇಷ ನಿಯಮವನ್ನೂ ಅನ್ವಯಿಸದ ಸಿ ಲೊಕೇಲ್‌ನಲ್ಲಿ ಬೈಟುಗಳ ಕ್ರಮ ಯೂನಿಕೋಡ್ ಸಂಕೇತಗಳ ಕ್ರಮವೇ ಆಗಿರುತ್ತದೆ, ಅದು ಬಹುಮಟ್ಟಿಗೆ ನಮ್ಮ ವರ್ಣಮಾಲೆಯ ಕ್ರಮವನ್ನೇ ಅನುಸರಿಸುತ್ತದೆ. ದೊಡ್ಡ ವ್ಯತ್ಯಾಸ ಳಕಾರದ್ದು. ವರ್ಣಮಾಲೆಯಲ್ಲಿ ಹಕಾರದ ನಂತರ ಬರುವ ಳ, ಯೂನಿಕೋಡ್‌ನಲ್ಲಿ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಕುಳಿತಿದೆ. ಆದ್ದರಿಂದ ಸಾರ್ಟ್ ಮಾಡಿದಾಗ ಕವನಕ್ಕಿಂತ ಮೊದಲು ಕಳಸ ಬರುತ್ತದೆ, ನಿಘಂಟಿನಲ್ಲಿ ಕವನವೇ ಮೊದಲು. ನಿಮ್ಮ 38 ಹೆಸರುಗಳಲ್ಲಿ ಇದು ಎದುರಾಗದಿರಬಹುದು, ಆದರೆ ಮುಂದೆ ಊರುಗಳ ಪಟ್ಟಿ ಮಾಡುವಾಗ ಎದುರಾಗುತ್ತದೆ.

ಇದಕ್ಕೆ ಪರಿಹಾರವೂ ಫಂಕ್ಷನ್ನೇ. ಹೆಸರನ್ನು ಪಡೆದು, ಅದರಲ್ಲಿರುವ ಪ್ರತಿ ಳವನ್ನೂ ಹಕಾರದ ಮುಂದಿನ ಸ್ಥಾನಕ್ಕೆ ಬದಲಿಸಿ ಕೊಡುವ ಕೀಲಿ ಫಂಕ್ಷನ್ ಬರೆಯಿರಿ. ಯೂನಿಕೋಡ್‌ನಲ್ಲಿ ಆ ಸ್ಥಾನ ಯಾವ ಅಕ್ಷರಕ್ಕೂ ಕೊಡದೆ ಖಾಲಿ ಇದೆ, ಅದು ಹೋಲಿಕೆಗೆ ಮಾತ್ರ ಬಳಕೆಯಾಗುವುದರಿಂದ ತೆರೆಯ ಮೇಲೆ ಎಲ್ಲಿಯೂ ಕಾಣಿಸುವುದಿಲ್ಲ. ಅನಂತರ, ಕೀಲಿ ಫಂಕ್ಷನ್ ಒಂದನ್ನು ಪಡೆದು ಹೋಲಿಕೆಯ ಫಂಕ್ಷನ್ ಅನ್ನು ಹಿಂದಿರುಗಿಸುವ ಇನ್ನೊಂದನ್ನು ಬರೆದು, ಅದನ್ನು ಸಾರ್ಟ್‌ಗೆ ಕೊಡಿ. ಹೋಲಿಕೆಯಲ್ಲಿ ಕಡಿಮೆ ಎಂಬ ಚಿಹ್ನೆಯನ್ನು ಮಾತ್ರ ಬಳಸಬೇಕು. ಕಡಿಮೆ ಅಥವಾ ಸಮ ಎಂಬುದನ್ನು ಬಳಸಿದರೆ, ಸಮವಾದ ಎರಡು ಬೆಲೆಗಳಲ್ಲಿ ಎರಡೂ ಮೊದಲು ಬರಬೇಕೆಂದು ಹೇಳಿದಂತಾಗಿ, ಕ್ರಮದ ಫಂಕ್ಷನ್ ಸರಿಯಿಲ್ಲವೆಂಬ ದೋಷ ಬರಬಹುದು. ಪೈಥಾನಿನ ಸಾರ್ಟ್ ಸಮಾನರ ಮೂಲ ಕ್ರಮವನ್ನು ಕಾಪಾಡುತ್ತದೆ, ಲುವಾದ್ದು ಕಾಪಾಡುವುದಿಲ್ಲ. ಹಾಗಾಗಿ ಮೊದಲು ಹೆಸರಿನಿಂದ, ಆಮೇಲೆ ಬ್ಲಾಕಿನಿಂದ ಎಂದು ಎರಡು ಬಾರಿ ಸಾರ್ಟ್ ಮಾಡುವ ರೂಢಿ ಇಲ್ಲಿ ನಡೆಯುವುದಿಲ್ಲ. ಬ್ಲಾಕ್ ಸಮವಾದಾಗ ಹೆಸರನ್ನು ನೋಡುವ ಒಂದೇ ಹೋಲಿಕೆಯನ್ನು ಕಟ್ಟಬೇಕು.

ಬದಿಯಡ್ಕ ಟೀಚರ್

ಹಾಗೆಯೇ ಮಾಡಿದೆ, ಬ್ಲಾಕ್ ಮತ್ತು ಹೆಸರು ಎರಡೂ ಕ್ರಮವಾಗಿ ಬರುತ್ತಿವೆ. ದಾಖಲೆಗಳನ್ನು ಈಗ ಪ್ರತ್ಯೇಕ ಮಾಡ್ಯೂಲಿನಲ್ಲಿಟ್ಟು, ಸ್ಕ್ರಿಬಂಟೊದ ಫಂಕ್ಷನ್ ಆದ ಲೋಡ್‌ಡೇಟಾ ಮೂಲಕ ತರುತ್ತಿದ್ದೇನೆ. ಅದು ಕೊಡುವ ಟೇಬಲ್ ಅನ್ನು ಓದಬಹುದೇ ಹೊರತು ಬದಲಾಯಿಸುವಂತಿಲ್ಲವೆಂದು ಕೈಪಿಡಿಯಲ್ಲಿ ಓದಿದೆ. ಹಾಗಾದರೆ ಅದನ್ನೇ ಸಾರ್ಟ್ ಮಾಡಲು ಸಾಧ್ಯವಿಲ್ಲವಲ್ಲವೇ?

ಆದವಾನಿ

ಸಾಧ್ಯವಿಲ್ಲ. ಆ ಟೇಬಲ್ಲಿನ ಮೇಲೆ ಹ್ಯಾಶ್ ಚಿಹ್ನೆಯಾಗಲಿ ಟೇಬಲ್ ಲೈಬ್ರರಿಯ ಫಂಕ್ಷನುಗಳಾಗಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಎಲ್ಲ ಕೀಲಿಗಳ ಮೇಲೂ ಸಾಗುವ ಪೇರ್ಸ್ ಮತ್ತು ಐಪೇರ್ಸ್ ಮಾತ್ರ ನಡೆಯುತ್ತವೆ. ಅದರೊಳಗೆ ಫಂಕ್ಷನುಗಳನ್ನು ಇಡುವುದಕ್ಕೂ ಅವಕಾಶವಿಲ್ಲ, ಆದ್ದರಿಂದ ನಿಯಮಗಳು ಮತ್ತು ಕೀಲಿ ಫಂಕ್ಷನುಗಳು ನಿಮ್ಮ ಮುಖ್ಯ ಮಾಡ್ಯೂಲಿನಲ್ಲೇ ಇರಲಿ. ನಿಮ್ಮ ಫಿಲ್ಟರ್ ಐಪೇರ್ಸ್ ಮೂಲಕವೇ ಸಾಗಿ ಪ್ರತಿ ಬಾರಿಯೂ ಹೊಸ ಟೇಬಲ್ ಕೊಡುತ್ತದೆ. ಆ ಹೊಸದನ್ನು ಸಾರ್ಟ್ ಮಾಡಿ. ಎಲ್ಲ ಪಂಚಾಯತುಗಳೂ ಬೇಕಾದ ಕಡೆ ಯಾವಾಗಲೂ ನಿಜವೆನ್ನುವ ನಿಯಮವನ್ನು ಫಿಲ್ಟರ್‌ಗೆ ಕೊಟ್ಟರೆ ಮೂಲ ಪಟ್ಟಿಯ ಪ್ರತಿ ಸಿಗುತ್ತದೆ, ಅದನ್ನು ಸಾರ್ಟ್ ಮಾಡಬಹುದು.